ಮಟಕಾ: ಮೂಲೆ ಕತ್ತರಿಸಿದ ಕಾರ್ಡು

ಫೆಬ್ರವರಿ ನಾಲ್ಕು, ಸೋಮವಾರ, ನನ್ನ ಮೇಜಿಗೆ ಬಂದ ಕರಡಿನಲ್ಲಿ ‘ಮಟಕಾ’ ಎಂಬ ಪದದ ಮುಂದೆ ಹೀಗಿತ್ತು: ‘ಅಂಕಿ ಎತ್ತುವ ಒಂದು ಬಗೆಯ ಜೂಜು. ಮೂಲ ತಿಳಿಯದು.’

ಕೊನೆಯ ಆ ಎರಡು ಪದಗಳನ್ನು ದಿನಚರಿಯಲ್ಲಿ ಬರೆದುಕೊಂಡು ಅಡಿಗೆರೆ ಎಳೆದೆ. ನಾಲ್ಕು ತಾಲೂಕಿನ ಬಸ್ ನಿಲ್ದಾಣಗಳಲ್ಲಿ, ಚಹಾದಂಗಡಿಗಳಲ್ಲಿ, ಕ್ಷೌರದಂಗಡಿಗಳಲ್ಲಿ ದಿನವೂ ನೂರು ಸಲ ಆಡುವ ಮಾತು ಅದು. ಮೂಲ ತಿಳಿಯದು ಎಂದರೆ ನಾವು ಯಾರನ್ನೂ ಕೇಳಿಲ್ಲ ಎಂದೇ ಅರ್ಥ.

ಅದು ಎಪ್ಪತ್ತನಾಲ್ಕನೆಯ ಇಸವಿ. ವಿಜಾಪುರದ ಹಳೆಯ ಕಟ್ಟಡವೊಂದರ ಎರಡು ಕೋಣೆಗಳಲ್ಲಿ ಜಿಲ್ಲೆಯ ಆಡುಮಾತಿನ ಪದಕೋಶ ತಯಾರಾಗುತ್ತಿತ್ತು. ನಾನು ಅಲ್ಲಿ ಹಂಗಾಮಿ ಪದಸಂಗ್ರಾಹಕಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಕೆಲಸದ ಕ್ರಮ ಸರಳ. ಊರಿಗೆ ಹೋಗಬೇಕು, ಜನರೊಡನೆ ಕೂತು ಮಾತು ಕೇಳಬೇಕು, ಹೊಸ ಪದ ಸಿಕ್ಕರೆ ಅಂಗೈಯಗಲದ ಕಾರ್ಡಿನ ಮೇಲೆ ಬರೆಯಬೇಕು. ಮೇಲೆ ಪದ, ನಡುವೆ ಅರ್ಥ, ಕೆಳಗೆ ಹೇಳಿದವರ ಊರು, ಕಸಬು, ತಾರೀಖು. ಬಲಮೂಲೆಯಲ್ಲಿ ಮೊದಲೇ ಅಚ್ಚಾದ ಕ್ರಮಸಂಖ್ಯೆ ಇರುತ್ತಿತ್ತು. ಸಂಖ್ಯೆ ಹರಿದ ಅಥವಾ ಅಳಿಸಿದ ಕಾರ್ಡು ರದ್ದು. ನಾನು ಒಂದನೆಯ ಕಾರ್ಡಿನಿಂದ ಅಲ್ಲಿಯವರೆಗೆ ಒಂದೂ ಸಂಖ್ಯೆ ಕಳೆದಿರಲಿಲ್ಲ. ದಿನಚರಿಯ ಪ್ರತಿ ಪುಟದ ಅಡಿಯಲ್ಲಿ ಆ ದಿನದ ಕಾರ್ಡುಗಳ ಎಣಿಕೆ ಬರೆದೇ ಮಲಗುತ್ತಿದ್ದೆ.

ಸಂಪಾದಕರು ನಿವೃತ್ತ ಹೆಡ್ ಮಾಸ್ತರರು. ಮೂಲ ಬರೆಯುವ ವಿಷಯದಲ್ಲಿ ಅವರದೊಂದು ನಿಯಮವಿತ್ತು. ಅದನ್ನು ‘ಎರಡು ಬಾಯಿ’ ಎನ್ನುತ್ತಿದ್ದರು. ಎರಡು ಬೇರೆ ಊರಿನ ಇಬ್ಬರು ಹೇಳಬೇಕು, ಅವರಿಗೆ ಪರಸ್ಪರ ಗುರುತಿರಬಾರದು, ಇಬ್ಬರಲ್ಲಿ ಒಬ್ಬರಾದರೂ ಕಣ್ಣಾರೆ ಕಂಡವರಾಗಿರಬೇಕು. ಡಿಸೆಂಬರಿನಲ್ಲಿ ನಾನು ಐದು ಪದಗಳಿಗೆ ನನ್ನ ಊಹೆಯನ್ನೇ ಮೂಲವೆಂದು ಬರೆದು ಕೊಟ್ಟಿದ್ದೆ. ಐದೂ ಕೆಂಪು ಶಾಯಿ ಬಳಿದುಕೊಂಡು ವಾಪಸ್ಸು ಬಂದಿದ್ದವು.

“ಜೂಜಿನ ಮಾತಿಗೆ ಇಷ್ಟ್ಯಾಕ ತಲಿ ಕೆಡಿಸ್ಕೋತಿ, ತಂಗಿ?” ಎಂದರು ಸಂಪಾದಕರು.

“ಎಲ್ಲಾರ ಬಾಯಾಗೂ ಐತ್ರಿ ಸರ್. ನಾ ಕೇಳಿ ಬರ್ತೇನ್ರಿ.”

“ಕೇಳಿ ಬಾ. ಊಹಾ ಮಾಡಿ ಬರಬ್ಯಾಡ.” ಅವರು ಮೇಜಿನ ಖಾನೆ ಎಳೆದು ಒಂದು ಕಾಗದ ತೋರಿಸಿದರು. ನನ್ನ ನೌಕರಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಮುಂದಿನ ಎರಡು ವರ್ಷಕ್ಕೆ ಅದನ್ನು ಮುಂದುವರಿಸುವ ಕಾಗದ ಅದು, ಸಹಿ ಇನ್ನೂ ಆಗಿರಲಿಲ್ಲ. “ಮಕಾರ ಮಾರ್ಚ್ ಇಪ್ಪತ್ತಕ್ಕ ಅಚ್ಚಿಗೆ ಹೋಗತೈತಿ. ಅದರೊಳಗ ಎರಡು ಬಾಯಿ ತಂದ್ರ ಮೂಲಾನೂ ಹಾಕ್ತೇನಿ, ಇದಕ್ಕ ಸಹೀನೂ ಹಾಕ್ತೇನಿ. ಇಲ್ಲಂದ್ರ ಎರಡೂ ಇಲ್ಲ. ಊಹಾ ಮಾಡೋರನ್ನ ಇಟ್ಕೊಂಡು ನಾ ಕೋಶಾ ಮಾಡಾಂಗಿಲ್ಲ.”

ನನಗೆ ನಲವತ್ತನಾಲ್ಕು ದಿನಗಳಿದ್ದವು.

ಫೆಬ್ರವರಿ ಏಳರಂದು ಸಿಂದಗಿಗೆ ಹೋದೆ. ನಿಲ್ದಾಣದ ಎದುರಿನ ಕ್ಯಾಂಟೀನಿನಲ್ಲಿ ಮೂಲೆಯ ಬೆಂಚು ಹಿಡಿದು ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದೆ: ಮಟಕಾ ಅಂದರೆ ಏನು, ಆ ಹೆಸರು ಯಾಕೆ ಬಂತು? ಸಂಜೆಯವರೆಗೆ ಇಪ್ಪತ್ತೆರಡು ಜನ ಸಿಕ್ಕರು. ಆಡುವ ಬಗೆ ಎಲ್ಲರಿಗೂ ಗೊತ್ತಿತ್ತು. ಸೊನ್ನೆಯಿಂದ ಒಂಬತ್ತರವರೆಗೆ ಒಂದು ಅಂಕಿ ಹಿಡಿಯಬೇಕು. ಮೊದಲು ಬರುವ ಅಂಕಿ ಓಪನ್, ಆಮೇಲೆ ಬರುವುದು ಕ್ಲೋಜ್. ಅಂಕಿ ಮುಂಬೈಯಿಂದ ಟ್ರಂಕ್ ಕಾಲ್‌ನಲ್ಲಿ ಬರುತ್ತದೆ. ಹೆಸರು ಯಾಕೆ ಬಂತು ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬ ಅದು ಆಟ ಕಂಡುಹಿಡಿದವನ ಹೆಸರೆಂದ. ಒಬ್ಬ ಇಂಗ್ಲಿಷ್ ಮಾತೆಂದ. “ಮಟಕಾ ಅಂದ್ರ ಮಟಕಾನ ರೀ, ಅದಕ್ಕ್ಯಾಕ ಅರ್ಥ?” ಎಂದು ಮತ್ತೊಬ್ಬ ನನ್ನನ್ನೇ ಕೇಳಿದ. ಕ್ಯಾಂಟೀನಿನ ಮಾಲೀಕ ನನ್ನ ಮುಂದಿದ್ದ ಖಾಲಿ ಕಾರ್ಡನ್ನು ತಲೆಕೆಳಗಾಗಿ ಓದುತ್ತ ನಿಂತಿದ್ದ. ಆಗ ಅದಕ್ಕೆ ನಾನು ಮಹತ್ವ ಕೊಡಲಿಲ್ಲ.

ಹನ್ನೊಂದನೆಯ ತಾರೀಖು ಮತ್ತೆ ಹೋದಾಗ ಕೂರುವ ಮೊದಲೇ ಒಂದು ತಟ್ಟೆ ಮಿರ್ಚಿ ಭಜಿ ಬಂತು.

“ನಾ ಏನೂ ಹೇಳಿಲ್ಲಲ್ರಿ?”

“ತಿನ್ರಿ ಅಕ್ಕಾರ. ರೊಕ್ಕದ ಮಾತು ಬ್ಯಾಡ,” ಎಂದ ಮಾಲೀಕ. “ನಿಮ್ಮ ಏಳು ಬಂತಲ್ರಿ!”

ಹಿಂದಿನ ಸಲ ನನ್ನ ಮುಂದಿದ್ದ ಕಾರ್ಡಿನ ಕ್ರಮಸಂಖ್ಯೆ ೨೪೭ ಆಗಿತ್ತು. ಅವನು ಅದರ ಕೊನೆಯ ಅಂಕಿ ಹಿಡಿದಿದ್ದ, ಅದು ಬಂದಿತ್ತು. ಸುತ್ತ ಹತ್ತು ಹನ್ನೆರಡು ಜನ ಕೂಡಿದರು.

“ಅಕ್ಕಾರ, ಇವತ್ತಿನ ಕಾರ್ಡ ತೋರಸ್ರಿ.”

“ಅದು ಪದದ ಲೆಕ್ಕಕ್ಕ ಹಾಕಿದ ನಂಬರ್ರಿ. ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ,” ಎಂದೆ.

“ಲೆಕ್ಕಾ ಅಂದ್ರಲ್ಲ! ಕಲ್ತವರು ಲೆಕ್ಕಾ ಹಾಕೇ ಬರದಿರ್ತಾರ,” ಎಂದ ಒಬ್ಬ.

ನಾನು ಕಾರ್ಡುಗಳನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಹಿಂದಿನಿಂದ ಒಬ್ಬ ಕೂಗಿದ: “ಚೀಲಾ ಮುಚ್ಚಿದ್ರು! ಮುಚ್ಚಿದ್ದು ಅಂದ್ರ ಸೊನ್ನಿ!” ಅರ್ಧ ಜನ ಸೊನ್ನೆ ಹಿಡಿಯಲು ಓಡಿದರು. ಆ ದಿನದ ದಿನಚರಿ: ಮಾತಾಡಿಸಿದವರು ಹದಿನೆಂಟು. ಅಂಕಿ ಕೇಳಿದವರು ಹದಿನೇಳು. ಉಳಿದ ಒಬ್ಬ ಕಿವುಡ. ಕಾರ್ಡು: ಇಲ್ಲ.

ಸೊನ್ನೆ ಬರಲಿಲ್ಲವೆಂದು ಮರುದಿನ ತಿಳಿಯಿತು. ನನ್ನ ಕೀರ್ತಿ ಅದರಿಂದ ಕಡಿಮೆಯಾಗಲಿಲ್ಲ. ಅವರು ತಪ್ಪಾಗಿ ಓದಿದ್ದರೇ ಹೊರತು ನಾನು ತಪ್ಪು ಹೇಳಿರಲಿಲ್ಲ ಎಂಬುದು ಅವರ ತೀರ್ಮಾನ.

ಹದಿಮೂರನೆಯ ತಾರೀಖು ನಿಲ್ದಾಣದ ಕಡೆ ತಲೆ ಹಾಕದೆ ಹತ್ತಿಯ ಅಡತಿ ಅಂಗಡಿಗಳಿಗೆ ಹೋದೆ. ಓಪನ್, ಕ್ಲೋಜ್ ಎಂಬ ಮಾತುಗಳು ಪೇಟೆಯ ಮಾತಿನ ಹಾಗೆ ಕೇಳುತ್ತವೆ ಎಂದು ದಿನಚರಿಯಲ್ಲಿ ಬರೆದಿಟ್ಟಿದ್ದೆ. ಅಲ್ಲೊಬ್ಬ ಮುದುಕ, ಅಂಡಿಗೆ ಎಂದರೆ ಹತ್ತಿಯ ಮೂಟೆ ತೂಗುವವನು, ಮರದ ನೆರಳಿನಲ್ಲಿ ಕೂತು ತಕ್ಕಡಿಯ ಸರಪಳಿ ಒರೆಸುತ್ತಿದ್ದ.

“ಮೊದಲ ಅದಕ್ಕ ಮಟಕಾ ಅಂತಿದ್ದಿಲ್ಲವಾ,” ಎಂದ. “ಹತ್ತಿ ಧಾರಣಿ ಮ್ಯಾಲ ಆಡ್ತಿದ್ರು. ಅಮೇರಿಕಾದ ಪೇಟ್ಯಾಗಿಂದ ಮುಂಬೈಗೆ ತಾರು, ಅಂದ್ರ ತಂತಿ, ಬರ್ತಿತ್ತು. ಪೇಟಿ ತೆಗೆಯೋ ಹೊತ್ತಿನ ಧಾರಣಿ ಓಪನ್, ಮುಚ್ಚೋ ಹೊತ್ತಿಂದು ಕ್ಲೋಜ್. ಧಾರಣೀದ ಕೊನೀ ಅಂಕಿ ಹಿಡೀತಿದ್ರು. ನಾ ಸೊಲ್ಲಾಪುರಕ್ಕ ಹತ್ತಿ ಒಯ್ದಾಗ ಹಲಗಿ ಮ್ಯಾಲ ಬರದಿದ್ದು ನೋಡೇನಿ.”

“ಮುಂದ ಮಟಕಾ ಅಂತ ಹೆಂಗ ಬಂತು, ಯಜ್ಜಾ?”

“ತಾರು ನಿಂತ ಮ್ಯಾಲ ಗಡಿಗ್ಯಾಗ ಚೀಟಿ ಹಾಕಿ ಎತ್ತಾಕ ಹತ್ತಿದ್ರು ಅಂತಾರ. ಅದು ನಾ ನೋಡಿಲ್ಲ. ನೋಡದ್ದು ನಾ ಹೇಳಾಂಗಿಲ್ಲ.”

ಹೇಳುವುದಿಲ್ಲ ಎಂದ ಆ ಮಾತಿಗೇ ನಾನು ಅವನನ್ನು ನಂಬಿದೆ. ಕಾರ್ಡು ೨೫೧. ಒಂದು ಬಾಯಿ ಸಿಕ್ಕಿತು. ಇನ್ನು ಗಡಿಗೆಯನ್ನು ಕಣ್ಣಾರೆ ಕಂಡವರು ಬೇಕಿತ್ತು.

ಹದಿನಾರರಂದು ಯಂಕಂಚಿಯ ಹತ್ತಿರ ಬಸ್ಸಿನ ಗಾಲಿ ಕೆಟ್ಟು ಒಂದು ತಾಸು ರಸ್ತೆಯಲ್ಲಿ ನಿಂತೆವು. ಪಕ್ಕದ ಕಣದಲ್ಲಿ ಜೋಳದ ರಾಶಿ ಅಳೆಯುತ್ತಿದ್ದರು. ಅಳೆಯುವವನು ಮೊದಲ ಕೊಳಗ ತುಂಬಿ ಚೀಲಕ್ಕೆ ಸುರಿಯುವಾಗ “ಲಾಭ” ಎಂದ. ಆಮೇಲೆ “ಎರಡು, ಮೂರು” ಎಂದು ಮುಂದುವರಿದ. ರಾಶಿಯ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ. ಚಿಕ್ಕಂದಿನಿಂದ ಕೇಳಿದ್ದರೂ ಬರೆದುಕೊಂಡಿರಲಿಲ್ಲ. ಕಾರ್ಡು ೨೬೩ರ ಮೇಲೆ ಬರೆದೆ. ಮಟಕಾ ಹುಡುಕುವಾಗ ಸಿಕ್ಕ ಬೇರೆ ಪದಗಳಲ್ಲಿ ಅದೂ ಒಂದು ಎಂದಷ್ಟೇ ಆಗ ಅನ್ನಿಸಿತು.

ಇಪ್ಪತ್ತನೆಯ ತಾರೀಖು ಮುದ್ದೇಬಿಹಾಳದಲ್ಲಿ ಅದೃಷ್ಟ ಖುಲಾಯಿಸಿತು. ಒಬ್ಬ ದರ್ಜಿ ನನ್ನ ಪ್ರಶ್ನೆ ಮುಗಿಯುವ ಮೊದಲೇ ಹೊಲಿಗೆ ಯಂತ್ರ ನಿಲ್ಲಿಸಿದ.

“ನಾ ಕಣ್ಣಾರ ಕಂಡೇನ್ರಿ ಅಕ್ಕಾರ! ಮುಂಬೈದಾಗ ನೀರಿನ ಗಡಿಗೀಗೆ ಮಟಕಾ ಅಂತಾರ. ಓಣಿ ನಡುವ ಒಂದು ಮಟಕಾ ಇಟ್ಟಿದ್ರು. ಅದರ ಕಂಠ ನಾಲ್ಕು ಬಟ್ಟಿನಷ್ಟು ಒಡದಿತ್ತು. ಮ್ಯಾಲ ಕೆಂಪು ಅರಿವಿ. ಹತ್ತು ಚೀಟಿ ಒಳಗ ಹಾಕಿ, ಹಾದೀಲೆ ಹೋಗೋ ಎಳನೀರಿನಾವನ್ನ ಕರದು, ‘ನೀ ಎತ್ತಪಾ’ ಅಂದ್ರು.”

ಅವನು ಕೈ ಆಡಿಸಿ ಹೇಳಿದ ರೀತಿಗೆ ನನ್ನ ಕಣ್ಣ ಮುಂದೆಯೇ ಎಳನೀರಿನವನು ಬಂದು ನಿಂತ ಹಾಗಾಯಿತು. ಐದು ದಿನಗಳ ನಂತರ ಬಸವನ ಬಾಗೇವಾಡಿಯಲ್ಲಿ ಸೈಕಲ್ ಅಂಗಡಿಯವನೊಬ್ಬ, ಟ್ಯೂಬಿಗೆ ಗಾಳಿ ಹಾಕುತ್ತಲೇ, ತಾನೂ ಮುಂಬೈಯಲ್ಲಿ ಮಟಕಾ ಎತ್ತುವುದನ್ನು ಕಣ್ಣಾರೆ ಕಂಡೆನೆಂದ. ಒಂದು ಬೇಕಾಗಿದ್ದ ಕಡೆ ಎರಡು ಸಿಕ್ಕವು. ಇಪ್ಪತ್ತೈದರ ಪುಟದಲ್ಲಿ ‘ಗೆದ್ದೆ’ ಎಂದು ಬರೆದೆ. ದಿನಚರಿಯಲ್ಲಿ ಅಂಥ ಮಾತು ಬರೆಯುವ ಅಭ್ಯಾಸ ನನಗಿಲ್ಲ.

ಇಪ್ಪತ್ತೇಳರಂದು ಕಾರ್ಡುಗಳನ್ನು ಶುದ್ಧಪ್ರತಿ ಮಾಡಲು ಕೂತೆ. ನನ್ನದೊಂದು ಪದ್ಧತಿಯಿದೆ. ಒಂದೇ ಪದಕ್ಕೆ ಇಬ್ಬರು ಹೇಳಿದ್ದನ್ನು ಹಾಳೆಯ ಎರಡು ಬದಿಗೆ ಬರೆದು ಸಾಲಿಗೆ ಸಾಲು ಹೊಂದಿಸುತ್ತೇನೆ. ಎಡಕ್ಕೆ ದರ್ಜಿ, ಬಲಕ್ಕೆ ಸೈಕಲ್ ಅಂಗಡಿಯವನು. ಕಂಠ ಒಡೆದದ್ದು: ನಾಲ್ಕು ಬೆರಳು, ನಾಲ್ಕು ಬೆರಳು. ಅರಿವೆ: ಕೆಂಪು, ಕೆಂಪು. ಎತ್ತಿದವನು: ಎಳನೀರಿನವನು, ಎಳನೀರಿನವನು. ಆದರೆ ಒಬ್ಬ ಬಂದರದ ಹತ್ತಿರದ ಓಣಿ ಎಂದಿದ್ದ, ಇನ್ನೊಬ್ಬ ಗಿರಣಿಯ ಹಿಂದಿನ ಚಾಳು ಎಂದಿದ್ದ. ನೋಡಿದ ವರ್ಷಗಳೂ ಬೇರೆ. ಎರಡು ಗಡಿಗೆಗಳ ಕಂಠ ಒಂದೇ ಅಳತೆಗೆ ಒಡೆಯುವುದಿಲ್ಲ. ಎಲ್ಲ ಎಳನೀರಿನವರೂ ಕರೆದ ಕೂಡಲೇ ಬರುವುದಿಲ್ಲ.

ಪೆನ್ನು ಕೆಳಗಿಟ್ಟೆ. ಇವು ಎರಡು ಬಾಯಿಯಾಗಿರಲಿಲ್ಲ. ಮೂರನೆಯ ಯಾರದೋ ಬಾಯಿ ಇಬ್ಬರಲ್ಲೂ ಮಾತಾಡುತ್ತಿತ್ತು.

ಸುಮ್ಮನಿದ್ದು ದರ್ಜಿಯ ಕಾರ್ಡನ್ನಷ್ಟೇ ಕೊಟ್ಟರೆ ಸಂಪಾದಕರಿಗೆ ತಿಳಿಯುತ್ತಿರಲಿಲ್ಲ. ಕಾಗದಕ್ಕೆ ಸಹಿಯೂ ಬೀಳುತ್ತಿತ್ತು. ಹಾಗೆ ಮಾಡಬಹುದೆಂದು ಅನ್ನಿಸಲೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ದಿನ ಅನ್ನಿಸಿತು. ಮಾರ್ಚ್ ನಾಲ್ಕರಂದು ಮತ್ತೆ ಮುದ್ದೇಬಿಹಾಳದ ಬಸ್ಸು ಹತ್ತಿದೆ.

ದರ್ಜಿ ಅಂಗಿಗೆ ಕಾಜಾ ಹಾಕುತ್ತಿದ್ದ. ನನ್ನ ಹಾಳೆ ನೋಡಿ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡ.

“ಖರೇ ಹೇಳ್ರಿ. ಮುಂಬೈದಾಗ ಯಾವ ಓಣಿ?”

“ನಾ ಸೊಲ್ಲಾಪುರ ದಾಟಿಲ್ರಿ ಅಕ್ಕಾರ.”

“ಮತ್ತ ಕಣ್ಣಾರ ಕಂಡೇನಿ ಅಂದ್ರಿ?”

“ಹೇಳಿದಾಂವ ಹಂಗ ಹೇಳಿದಾರೀ. ಕಂಡಂಗ ಆತು.”

ಎರಡು ವರ್ಷದ ಹಿಂದೆ ತಾಳಿಕೋಟಿಯ ಒಂದು ಮದುವೆಯ ಹಂದರದಲ್ಲಿ, ಮುಂಬೈ ಗಿರಣಿಯಿಂದ ಊರಿಗೆ ಮರಳಿದ ಇಂಡಿಯ ಕಡೆಯ ಒಬ್ಬ ಈ ಕತೆ ಹೇಳಿದ್ದನಂತೆ. ಸೈಕಲ್ ಅಂಗಡಿಯವನೂ ಪಕ್ಕದಲ್ಲೇ ಕೂತು ಕೇಳಿದ್ದನಂತೆ. “ಅವನೂ ಕಣ್ಣಾರ ಕಂಡೇನಿ ಅಂದನೇನ್ರಿ?” ಎಂದು ದರ್ಜಿ ಸಿಟ್ಟಾದ. “ಎಂಥಾ ಸುಳ್ಳ ಮಗಾರೀ ಅವಾ!”

ನಾನು ಅಲ್ಲೇ ಕೂತು ಎರಡೂ ಕಾರ್ಡುಗಳ ಮೇಲೆ ಕೆಂಪು ಶಾಯಿಯಿಂದ ‘ರದ್ದು’ ಎಂದು ಬರೆದೆ. ಹೋದದ್ದು ಎರಡು ಕಾರ್ಡು, ಉಳಿದದ್ದು ಹದಿನಾರು ದಿನ. ಆದರೆ ಆ ಒಡೆದ ಕಂಠ ಸುಳ್ಳಾಗಿರಲಿಲ್ಲ. ಅದನ್ನು ನೋಡಿದ ಒಬ್ಬ ಮನುಷ್ಯ ಇಂಡಿಯಲ್ಲಿದ್ದ.

ಇಂಡಿಯಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಗಿರಣಿಯಿಂದ ಮರಳಿದವನು ಎಂದ ಕೂಡಲೇ ಅತ್ತೆಗೆ ಗುರುತು ಸಿಕ್ಕಿತು. ಊರ ಹೊರಗಿನ ನಿಂಬೆ ತೋಟವೊಂದರಲ್ಲಿ ಕಾಯಿ ಆರಿಸುವ ಕೆಲಸ ಅವನದು, ಮನೆಯೂ ಅಲ್ಲೇ. ಮಾರ್ಚ್ ಎಂಟರಂದು ಹೋದೆ. ಅಂಗಳದಲ್ಲಿ ಕೂತು ಐದೈದು ಕಾಯಿಗಳನ್ನು ಒಂದೇ ಹಿಡಿಗೆ ಎತ್ತಿ ಬುಟ್ಟಿಗೆ ಹಾಕುತ್ತಿದ್ದ. ಮೊದಲ ಹಿಡಿ ಬೀಳುವಾಗ “ಲಾಭ” ಎಂದ. ಎರಡನೆಯದಕ್ಕೆ ಏನೂ ಅನ್ನಲಿಲ್ಲ. ಮೂರನೆಯದಕ್ಕೂ ಇಲ್ಲ. ನೂರು ತುಂಬಿದಾಗ ಒಂದು ಹರಳನ್ನು ಬದಿಗಿಟ್ಟು ಮತ್ತೆ “ಲಾಭ” ಎಂದು ಶುರುಮಾಡಿದ.

ನಾನು ಮಟಕಾ ಎಂದ ಕೂಡಲೇ ಅವನು ತಲೆ ತಗ್ಗಿಸಿದ. ಒಳಗಿನಿಂದ ಅವನ ಹೆಂಡತಿ ಬಂದಳು.

“ಸಿಂದಗಿ ಕಾರ್ಡಿನ ಅಕ್ಕ ನೀವ ಏನ್ರಿ? ನಿಮ್ಮ ಸುದ್ದಿ ಇಲ್ಲೀತನಾ ಬಂದೈತಿ. ನಮ್ಮನಿಯಾಗ ಅಂಕೀ ಮಾತಿಲ್ಲ. ಚಾ ಕುಡದು ಹಂಗ ಹೊರಡ್ರಿ.”

ಚಹಾ ಕುಡಿದು ಹೊರಟೆ. ಆ ದಿನ ಕಾರ್ಡು: ಇಲ್ಲ.

ಅತ್ತೆ ಉಳಿದದ್ದನ್ನು ಹೇಳಿದಳು. ತಾಳಿಕೋಟಿಯ ಆ ಹಂದರದಲ್ಲಿ ಎಲ್ಲರೂ ಗಂಟುಬಿದ್ದು, ಮಟಕಾ ಕಣ್ಣಾರೆ ಕಂಡವನ ಬಾಯಿಂದ ಒಂದು ಅಂಕಿ ಬರಲಿ ಎಂದು ಪೀಡಿಸಿದರಂತೆ. ತಮಾಷೆಗೆ ಒಂದು ಅಂಕಿ ಅಂದ. ಅದನ್ನು ನಂಬಿದವನು ಅವನ ಸ್ವಂತ ತಮ್ಮ. ಜೋಡೆತ್ತು ಮಾರಿ ಆ ಅಂಕಿ ಹಿಡಿದ. ಅದು ಬರಲಿಲ್ಲ.

“ಅಂದಿನಿಂದ ಜೋಳದ ಗಡಿಗಿ ಮುಟ್ಟಿಸಿ ಆಣಿ ಮಾಡಿಸ್ಯಾಳವ್ವಾ ಅವನ ಹೇಣ್ತಿ,” ಎಂದಳು ಅತ್ತೆ. “ಬಾಯಾಗ ಒಂದ ಅಂಕಿ ತರಾಂಗಿಲ್ಲ. ಸಂತ್ಯಾಗ ಕಾಯಿ ಮಾರಿದ್ರ ಎಷ್ಟಂತ ಆಕೀನ ಹೇಳಬೇಕು. ವಯಸ್ಸ ಕೇಳಿದ್ರೂ ಹೇಣ್ತಿ ಮುಖಾ ನೋಡ್ತಾನ. ಆದ್ರೂ ಮಂದಿ ಬಿಡಾಂಗಿಲ್ಲ. ಅವಾ ಎಷ್ಟು ಸಲ ಕೆಮ್ಮಿದಾ ಅಂತ ಎಣಿಸಿ ಆಡ್ತಾರ!”

ಮೂರು ದಿನ ಯೋಚಿಸಿದೆ. ಅವನು ಹೇಳಲು ಒಲ್ಲದ್ದು ಅಂಕಿಯನ್ನು, ಗಡಿಗೆಯ ಕತೆಯನ್ನಲ್ಲ. ನನಗೆ ಬೇಕಾದದ್ದು ಗಡಿಗೆಯ ಕತೆಯೇ. ಇದನ್ನು ಅವರಿಗೆ ತಿಳಿಸುವುದು ಹೇಗೆಂದು ಮಾತ್ರ ಹೊಳೆಯಲಿಲ್ಲ. ಮಾರ್ಚ್ ಹನ್ನೆರಡರ ಬೆಳಿಗ್ಗೆ ಮತ್ತೆ ಹೋದೆ. ಹೆಂಡತಿ ಒಲೆಯ ಮುಂದೆ ಈಳಿಗೆಮಣೆಯ ಮೇಲೆ ಬದನೆಕಾಯಿ ಹೆಚ್ಚುತ್ತಿದ್ದಳು.

“ಮತ್ತ ಬಂದ್ರಿ?”

“ವೈನಿ, ನನಗ ಅಂಕಿ ಬ್ಯಾಡ್ರಿ. ಆ ಹೆಸರು ಯಾಕ ಬಂತು ಅನ್ನೋದಷ್ಟ ಬೇಕು. ಪುಸ್ತಕದಾಗ ಬರೀಬೇಕ್ರಿ. ನೀವು ಹೇಳಲಿಲ್ಲಂದ್ರ ‘ಗೊತ್ತಿಲ್ಲ’ ಅಂತ ಅಚ್ಚಾಗತೈತಿ, ನನ್ನ ನೌಕರೀನೂ ಹೋಗತೈತಿ.”

ಅವಳು ನನ್ನ ಕೈಯಲ್ಲಿದ್ದ ಕಾರ್ಡಿನ ಕಡೆ ಗದ್ದ ಎತ್ತಿದಳು. “ಅಂಕಿ ಬ್ಯಾಡ ಅಂತೀರಿ. ಮೂಲ್ಯಾಗ ಅದೇನು?”

ಕಾರ್ಡಿನ ಬಲಮೂಲೆಯಲ್ಲಿ ೩೦೪ ಎಂದಿತ್ತು.

“ನನ್ನ ಗಂಡನ ಮಾತು ಇದರ ಮ್ಯಾಲ ಬರೀತೀರಿ. ನಾಳೆ ಯಾರರೆ ನೋಡ್ತಾರ. ‘ಅವನ ಕಾರ್ಡಿಗೆ ಇದು ಬಂತು’ ಅಂತ ಹಿಡೀತಾರ. ಸಿಂದಗ್ಯಾಗ ಆಗೇತೋ ಇಲ್ಲೋ?”

ಆಗಿತ್ತು. ಸಂಖ್ಯೆಯಿಲ್ಲದ ಕಾರ್ಡು ಕಚೇರಿಯಲ್ಲಿ ರದ್ದು. ಸಂಖ್ಯೆಯಿರುವ ಕಾರ್ಡು ಇಲ್ಲಿ ರದ್ದು. ಆರು ತಿಂಗಳು ಒಂದೂ ತಪ್ಪದೆ ಕಾಯ್ದುಕೊಂಡು ಬಂದ ಸಾಲು ಅದು. ಅದೊಂದು ವಿಷಯದಲ್ಲಿ ಸಂಪಾದಕರು ನನ್ನನ್ನು ಹೊಗಳಿದ್ದೂ ಉಂಟು. ನಾನು ಈಳಿಗೆಯ ಕಡೆ ಕೈ ಚಾಚಿದೆ.

“ಆ ಈಳಗಿ ಇಲ್ಲಿ ಕೊಡ್ರಿ ವೈನಿ,” ಎಂದೆ.

ಈಳಿಗೆಯ ಅಲಗಿಗೆ ಒತ್ತಿ ಕಾರ್ಡಿನ ಮೂಲೆಯನ್ನು ಕತ್ತರಿಸಿದೆ. ತುಂಡನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ಒಲೆಗೆ ಹಾಕಿದಳು. ಅದು ಸುರುಟಿ ಕಪ್ಪಾಗುವವರೆಗೆ ಕಾದಳು. ಆಮೇಲೆ ಹೊರಗಿದ್ದವನಿಗೆ ಕೂಗಿದಳು: “ಕೇಳ್ರೀ ಇಲ್ಲಿ! ನಾಕು ಬಟ್ಟು ಒಡದಿದ್ದ ಆ ಗಡಿಗೀ ಕತಿ ಹೇಳ್ರಿ ಅಕ್ಕಾರಿಗೆ. ನಾ ಇಲ್ಲೇ ಕುಂದರ್ತೇನಿ. ಬಾಯಿ ಜಾರಿದ್ರ ನೋಡ್ಕೋರಿ ಮತ್ತ!”

ಅವನು ಬಂದು ಕೂತ. ಎರಡು ವರ್ಷ ಒಳಗಿಟ್ಟ ಮಾತಿಗೆ ದಾರಿ ಸಿಕ್ಕ ಹಾಗೆ ಅವನ ಮುಖ ಅರಳಿತು. ಹೇಳುವುದಕ್ಕಿಂತ ತೋರಿಸುವುದೇ ವಾಸಿ ಎಂದ. ಮೂಲೆಯ ಖಾಲಿ ಗಡಿಗೆಯನ್ನು ನಡುವೆ ಇಟ್ಟ. ಒಂದಿಷ್ಟು ನಿಂಬೆಕಾಯಿ ತೆಗೆದು ಸಾಲಾಗಿ ಇಟ್ಟು, ಮೊದಲನೆಯದನ್ನು ಹಾಗೇ ಬಿಟ್ಟು, ಉಳಿದವುಗಳಿಗೆ ಉಗುರಿನಿಂದ ಗೆರೆ ಗೀರುತ್ತ ಹೋದ. ಒಂದೊಂದು ಕಾಯಿಗೂ ಹಿಂದಿನದಕ್ಕಿಂತ ಒಂದು ಗೆರೆ ಹೆಚ್ಚು. ಸೊನ್ನೆಯಿಂದ ಒಂಬತ್ತರವರೆಗೆ ಸಾಲು ತಯಾರಾಯಿತು. ಒಂದಂಕಿಯೂ ಬಾಯಿಂದ ಬರಲಿಲ್ಲ.

“ನಮ್ಮ ಗಿರಣಿ ಹಿಂದ ಚಾಳ ಇತ್ತು,” ಎಂದ. “ಮೊದಲ ಹತ್ತಿ ಧಾರಣಿ ಮ್ಯಾಲ ಆಡ್ತಿದ್ರು. ತಾರು ಬರೋದು ನಿಂತ ಮ್ಯಾಲ, ಅಂಕಿ ಯಾರು ತೆಗೀತಾರ, ಎಲ್ಲಿ ತೆಗೀತಾರ ಅಂತ ಮಂದೀಗೆ ಸಂಶಯ ಬಂತು. ಅದಕ ಬಟಾ ಬಯಲದಾಗ ಗಡಿಗಿ ಇಟ್ರು. ಅಲ್ಲಿ ಮಂದಿ ಅದಕ್ಕ ಮಟಕಾ ಅಂತಾರ. ಚೀಟಿ ಎಲ್ಲಾರಿಗೂ ತೋರಿಸಿ ಒಳಗ ಹಾಕಿದ್ರು. ಆಡೋರು ಯಾರೂ ಕೈ ಹಾಕಾಂಗಿಲ್ಲ. ಹಾದೀಲೆ ಹೋಗಾಂವನ್ನ ಕರದು ಎತ್ತಿಸ್ಬೇಕು. ಅಂದು ಎಳನೀರಿನಾಂವ ಸಿಕ್ಕ. ಗಡಿಗಿ ಕಂಡ್ರ ಮಂದೀಗೆ ನಂಬಿಗಿ. ಅದಕ ಆಟಕ್ಕ ಅದರ ಹೆಸರ ಬಿತ್ತು.”

“ಈಗೂ ಗಡಿಗಿ ಇಡ್ತಾರೇನ್ರಿ?”

“ಎಲ್ಲೀದು! ಈಗ ಎಲ್ಲೋ ಒಳಗ ಕುಂತು ಇಸ್ಪೀಟ ಎಲಿ ತೆಗೀತಾರಂತ. ಗಡಿಗೀನೂ ಇಲ್ಲ, ಎಳನೀರಿನಾಂವನೂ ಇಲ್ಲ. ಹೆಸರಷ್ಟ ಉಳದೈತಿ.”

ಅವನು ಕಾಯಿಗಳನ್ನು ಗಡಿಗೆಗೆ ಹಾಕಿ ಅಲ್ಲಾಡಿಸಿದ. “ನೀ ಎತ್ತು,” ಎಂದು ಹೆಂಡತಿಗೆ ಹೇಳಿದ. ಅವಳು ಮುಖ ಆ ಕಡೆ ತಿರುಗಿಸಿ ಕೈ ಹಾಕಿ ಒಂದು ಕಾಯಿ ತೆಗೆದಳು. ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ನೆರೆಯವನ ತಲೆ ಕಾಣಿಸಿತು. ಎಷ್ಟು ಹೊತ್ತಿನಿಂದ ಇದ್ದನೋ.

“ಎಷ್ಟು ಬಂತ್ರೀ ವೈನಿ?”

ಅವಳು ಕಾಯಿಯನ್ನು ಈಳಿಗೆಯ ಮೇಲಿಟ್ಟು ಎರಡು ಹೋಳು ಮಾಡಿ, ಒಂದು ಲೋಟ ನೀರಿಗೆ ಬಲವಾಗಿ ಹಿಂಡಿದಳು.

“ಶರಬತ್ತು ಬಂತು,” ಎಂದಳು. “ಬೇಕಾದ್ರ ಅದನ್ನ ಹಿಡಿ ಹೋಗು!”

ಗೋಡೆಯ ಮೇಲಿನ ತಲೆ ಇಳಿಯಿತು. ಅವಳ ಗಂಡ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ನಾನು ಶರಬತ್ತು ಕುಡಿದು ಕಾರ್ಡು ಬರೆದೆ. ತಾರೀಖನ್ನಾಗಲಿ ಚೀಟಿಗಳ ಎಣಿಕೆಯನ್ನಾಗಲಿ ಅದರ ಮೇಲೆ ಬರೆಯಲಿಲ್ಲ, ‘ಅಂಕಿಗೊಂದು ಚೀಟಿ’ ಎಂದಷ್ಟೇ ಬರೆದು ಇಬ್ಬರಿಗೂ ಓದಿ ಹೇಳಿದೆ. ಅವರು ಸರಿ ಎಂದ ಮೇಲೆ ಎದ್ದೆ. ಸಿಂದಗಿಯ ತೂಗುವವನ ಗುರುತಿದೆಯೇ ಎಂದು ಕೇಳುವುದನ್ನು ಮರೆಯಲಿಲ್ಲ. ಸಿಂದಗಿಯನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದೇನೆ ಎಂದ.

ಮಾರ್ಚ್ ಹದಿನೆಂಟು, ಸೋಮವಾರ. ಸಂಪಾದಕರ ಮೇಜಿನ ಮೇಲೆ ನಾಲ್ಕು ಕಾರ್ಡು ಇಟ್ಟೆ. ತೂಗುವವನದು, ರದ್ದಾದ ಎರಡು, ಮೂಲೆ ಕತ್ತರಿಸಿದ ಒಂದು. ಅವರು ರದ್ದಾದವುಗಳನ್ನೇ ಮೊದಲು ಎತ್ತಿಕೊಂಡರು.

“ಈ ಕೆಂಪು ಶಾಯಿ ಯಾರದು? ನನ್ನದಲ್ಲ.”

“ನಂದ್ರಿ ಸರ್. ಇಬ್ಬರೂ ಒಬ್ಬನ ಬಾಯಿಂದ ಕೇಳಿದ್ದು. ಕಣ್ಣಾರ ಕಂಡಿಲ್ಲ.”

“ಹೆಂಗ ಗೊತ್ತಾತು?”

ಎರಡು ಬದಿಗೆ ಬರೆದ ಹಾಳೆಯನ್ನು ಬಿಚ್ಚಿ ತೋರಿಸಿದೆ. ನಾನು ಹೇಳದಿದ್ದರೆ ತಮಗೆ ತಿಳಿಯುತ್ತಿರಲಿಲ್ಲ ಎಂಬುದು ಅವರಿಗೂ ಹೊಳೆದಿರಬೇಕು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಇಂಡಿಯ ಕಾರ್ಡು ಓದಿದರು. ನಿಧಾನವಾಗಿ, ಎರಡು ಸಲ. ಎಳನೀರಿನವನ ಹತ್ತಿರ ಬಂದಾಗ ಅವರ ಮೀಸೆ ಅಲ್ಲಾಡಿತು. ಕೊನೆಗೆ ಬೆರಳು ಖಾಲಿ ಮೂಲೆಗೆ ಬಂದು ನಿಂತಿತು.

“ನಂಬರ್ ಎಲ್ಲಿ?”

“ಕತ್ತರಿಸೇನ್ರಿ. ಅದು ಇದ್ರ ಅವರು ಹೇಳ್ತಿದ್ದಿಲ್ಲ.” ಕಾರಣವನ್ನೆಲ್ಲ ಹೇಳಿದೆ. ಆಣೆ, ಈಳಿಗೆ, ಒಲೆ, ಶರಬತ್ತು.

“ನಂಬರ್ ಇಲ್ಲದ ಕಾರ್ಡು ರದ್ದು ಅಂತ ಗೊತ್ತಿಲ್ಲೇನು ನಿನಗ?”

“ಗೊತ್ತೈತ್ರಿ. ಆ ನಂಬರಿಗಿಂತ ಈ ಬಾಯಿ ದೊಡ್ಡದು ಅನ್ನಿಸ್ತ್ರಿ. ನೀವು ರದ್ದು ಮಾಡಿದ್ರೂ ನಾ ತಪ್ಪು ಮಾಡೇನಿ ಅಂತ ಅನ್ಕೋಳಾಂಗಿಲ್ರಿ.”

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅವರು ಪಕ್ಕದಲ್ಲಿದ್ದ ಮುಂದಿನ ಸಂಪುಟದ ಕಾರ್ಡುಗಳ ಕಟ್ಟು ಎಳೆದುಕೊಂಡರು. ಅವು ಲಕಾರದವು. ಹುಡುಕಿ ಒಂದನ್ನು ತೆಗೆದರು. ೨೬೩, ಯಂಕಂಚಿಯ ಕಣದ್ದು.

“ನಮ್ಮಪ್ಪನೂ ಹಿಂಗ ಅಳೀತಿದ್ದ,” ಎಂದರು. “ರಾಶ್ಯಾಗ ಮೊದಲನೇ ಕೊಳಗಕ್ಕ ನಂಬರ್ ಇರಾಂಗಿಲ್ಲ. ಆದ್ರ ಅದನ್ನ ಬಿಟ್ಟು ಯಾರೂ ಎಣಸಾಂಗಿಲ್ಲ.”

ಮೂಲೆ ಕತ್ತರಿಸಿದ ಕಾರ್ಡಿನ ಅಂಚಿನಲ್ಲಿ ತಮ್ಮ ಪೆನ್ನಿನಿಂದ ‘ಲಾಭ’ ಎಂದು ಬರೆದರು. ಎದ್ದು ಹೋಗಿ, ನನ್ನ ಕಾರ್ಡುಗಳನ್ನು ಸಂಖ್ಯೆಯ ಸಾಲಿಗೆ ಜೋಡಿಸಿಡುವ, ಗೋಡೆಯ ಬಳಿಯ ಉದ್ದ ಪೆಟ್ಟಿಗೆಯನ್ನು ತೆರೆದು, ಒಂದನೆಯ ಕಾರ್ಡಿನ ಮುಂದೆ ಅದನ್ನು ಇಟ್ಟರು. ಮರಳಿ ಬಂದು ಕರಡಿನ ‘ಮೂಲ ತಿಳಿಯದು’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ತಮ್ಮ ಸಣ್ಣ ಅಕ್ಷರದಲ್ಲಿ ಬರೆದರು: ‘ಮುಂಬೈ ಕಡೆಯ ಮಾತಿನಲ್ಲಿ ಮಟಕಾ, ಮಣ್ಣಿನ ಗಡಿಗೆ. ಅಂಕಿಯ ಚೀಟಿಗಳನ್ನು ಎಲ್ಲರೆದುರು ಗಡಿಗೆಯಿಂದ ಎತ್ತುತ್ತಿದ್ದುದರಿಂದ ಬಂದ ಹೆಸರು. ಅದಕ್ಕೂ ಮೊದಲು ಹತ್ತಿಯ ಧಾರಣೆಯ ಮೇಲೆ ಆಡುತ್ತಿದ್ದರು.’

ಆಮೇಲೆ ಖಾನೆ ಎಳೆದರು. ನನ್ನ ಕಾಗದಕ್ಕೆ ಸಹಿ ಹಾಕಿ, ಶಾಯಿ ಒಣಗಲೆಂದು ಊದಿ, ನನ್ನ ಕಡೆ ಸರಿಸಿದರು.

“ಸಕಾರದಾಗೂ ಐದಾರು ಕಡೆ ‘ಮೂಲ ತಿಳಿಯದು’ ಅಂತ ಐತಿ,” ಎಂದರು. “ಬಿಸಿಲು ಬಲೀಯೋದ್ರೊಳಗ ಹೊರಡು.”

ಆ ಸಂಜೆ ದಿನಚರಿ ತೆರೆದು ಆ ದಿನದ್ದೆಲ್ಲ ಬರೆದೆ. ಪುಟದ ಅಡಿಗೆ ಬಂದೆ. ಆ ದಿನ ಪೆಟ್ಟಿಗೆ ಸೇರಿದ ಕಾರ್ಡುಗಳ ಎಣಿಕೆ ಬರೆಯಬೇಕಿತ್ತು. ಒಂದು ಎಂದು ಬರೆಯಲು ಹೋದ ಪೆನ್ನನ್ನು ತಡೆದು, ‘ಲಾಭ’ ಎಂದು ಬರೆದು ದಿನಚರಿ ಮುಚ್ಚಿದೆ.